ಬೆಳಿಗ್ಗೆಯ ನೋವು, ಸಂಜೆಯ ಆಟ

ಪ್ರೀತಿಯ ಗೆಳತಿ,

ನಿಮ್ಮ ಪತ್ರ ಓದಿ ಮುಗಿಸಿದ ಕೂಡಲೇ ಉತ್ತರಕ್ಕೆ ಕೂತಿದ್ದೇನೆ. ಅದರಲ್ಲಿದ್ದ ಒಂದು ಪ್ರಶ್ನೆಗೆ ತಡಮಾಡಬಾರದು ಅನ್ನಿಸಿತು. ತಲೆನೋವೆಂದ ಒಂಬತ್ತು ವರ್ಷದ ಮಗನನ್ನು ಮಧ್ಯಾಹ್ನಕ್ಕೆ ಮೊದಲೇ ಶಾಲೆಯಿಂದ ಕರೆತಂದಿರಿ. ರಿಕ್ಷಾದಲ್ಲೇ ವಾಂತಿ. ಮನೆಗೆ ಬಂದವನು ಪರದೆ ಎಳೆಸಿಕೊಂಡು ಮಲಗಿದ. ಸಂಜೆ ಎದ್ದು ಹಸಿವು ಅಂದ, ತಿಂದ, ಬ್ಯಾಟು ಹಿಡಿದು ಕೆಳಗೆ ಓಡಿದ. ಸೊಸೈಟಿಯ ಗೇಟಿನ ಹತ್ತಿರ ಯಾರೋ “ಶಾಲೆ ತಪ್ಪಿಸಲಿಕ್ಕೆ ಒಳ್ಳೆ ಉಪಾಯ” ಅಂದರು. “ನಿಜವಾಗಿ ನೋವಿದ್ದರೆ ಇಷ್ಟು ಬೇಗ ಹೋಗುತ್ತದಾ?” ಎಂದು ನೀವು ಕೇಳಿದ್ದೀರಿ.

ಹೋಗುತ್ತದೆ. ಡಾಕ್ಟರು ಮೈಗ್ರೇನ್ ಎಂದಿದ್ದಾರಲ್ಲ, ಮಕ್ಕಳ ಮೈಗ್ರೇನ್ ಹೋಗುವುದೇ ಹೀಗೆ. ದೊಡ್ಡವರಿಗೆ ಬಂದರೆ ನಾಲ್ಕು ಗಂಟೆಯಿಂದ ಮೂರು ದಿನದವರೆಗೂ ಕಾಡುತ್ತದೆ. ಮಕ್ಕಳಲ್ಲಿ ಎರಡೇ ಗಂಟೆಯಲ್ಲಿ ಮುಗಿದರೂ ಅದು ಮೈಗ್ರೇನೇ ಎಂದು ವೈದ್ಯರ ಅಂತರರಾಷ್ಟ್ರೀಯ ವರ್ಗೀಕರಣ ಒಪ್ಪಿಕೊಂಡಿದೆ. ಒಂದು ಒಳ್ಳೆಯ ನಿದ್ದೆ ಬಂತೆಂದರೆ ಎಷ್ಟೋ ಮಕ್ಕಳು ಏನೂ ಆಗದವರಂತೆ ಏಳುತ್ತಾರೆ. ಹಾಗಾಗಿ ಸಂಜೆಯ ಕ್ರಿಕೆಟ್ಟು ಅವನ ಬೆಳಗಿನ ನೋವನ್ನು ಸುಳ್ಳು ಮಾಡುವುದಿಲ್ಲ. ದಯವಿಟ್ಟು ಅವನನ್ನು ಆಡಲು ಬಿಡಿ. ಬಿಟ್ಟಾಗಲೇ ನೀವು ತನ್ನನ್ನು ನಂಬಿದ್ದೀರಿ ಎಂದು ಅವನಿಗೆ ಗೊತ್ತಾಗುವುದು.

ನಿಮ್ಮ ಅತ್ತೆಯವರ ಅನುಮಾನವೂ ಸಹಜವೇ. “ಅರೆತಲೆನೋವು ಅಂದರೆ ಒಂದೇ ಕಡೆ ಅಲ್ಲವಾ, ಇವನು ಹಣೆ ಪೂರ್ತಿ ಹಿಡಿದುಕೊಳ್ಳುತ್ತಾನಲ್ಲ” ಎಂದರಂತೆ. ಮಕ್ಕಳಿಗೆ ಹೆಚ್ಚಾಗಿ ಎರಡೂ ಕಡೆ, ಹಣೆಯ ಮೇಲೇ ನೋಯುತ್ತದೆ. ಬೆಳಕು, ಸದ್ದು ಸಹಿಸಲಾಗದು ಎಂದು ಬಾಯಿಬಿಟ್ಟು ಹೇಳಲು ಅವಕ್ಕೆ ಬರುವುದಿಲ್ಲ, ಟಿ.ವಿ. ತಾವಾಗಿಯೇ ಆರಿಸುತ್ತವೆ, ದಿಂಬಿನ ಕೆಳಗೆ ಮುಖ ಹುದುಗಿಸುತ್ತವೆ. ನಾವು ನೋಡಿ ತಿಳಿಯಬೇಕು. ಐದು ವರ್ಷದವನಿದ್ದಾಗ ಆಗಾಗ ಮುಖ ಬಿಳಿಚಿ, ಹೊಕ್ಕುಳ ಸುತ್ತ ನೋವೆಂದು ಅಳುತ್ತಿದ್ದ, ಎಲ್ಲ ಪರೀಕ್ಷೆಯೂ ಸರಿಯಾಗಿತ್ತು ಎಂದು ಬರೆದಿದ್ದೀರಲ್ಲ, ಅದನ್ನು ಡಾಕ್ಟರಿಗೆ ಮರೆಯದೆ ಹೇಳಿ. ಹೊಟ್ಟೆಯಲ್ಲಿ ಕಾಣಿಸಿಕೊಳ್ಳುವ ಮೈಗ್ರೇನೂ ಇದೆ. ಅಂಥ ಮಕ್ಕಳಲ್ಲಿ ಹಲವರಿಗೆ ಬೆಳೆದಂತೆ ಅದು ತಲೆನೋವಾಗಿ ಬರುತ್ತದೆ. ಇದು ಹೆಂಗಸರ ಕಾಯಿಲೆ ಎಂಬ ಮಾತನ್ನೂ ಬದಿಗಿಡಿ. ಹೆಣ್ಣುಮಕ್ಕಳಲ್ಲಿ ಹೆಚ್ಚುವುದು ಪ್ರಾಯಕ್ಕೆ ಬಂದ ಮೇಲೆ. ಅದಕ್ಕೂ ಮುಂಚೆ ಗಂಡುಮಕ್ಕಳಿಗೂ ಅಷ್ಟೇ ಬರುತ್ತದೆ.

ಇದೇನು ಅಪರೂಪದ್ದೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಗಿರೀಶ್ ಕುಲಕರ್ಣಿ ಮತ್ತು ಸಂಗಡಿಗರು ಬೆಂಗಳೂರು ನಗರ ಹಾಗೂ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 2,329 ಮಂದಿ ವಯಸ್ಕರನ್ನು ಮಾತಾಡಿಸಿದ್ದರು. 2015ರಲ್ಲಿ ಅದು ಪ್ರಕಟವಾಯಿತು. ವರ್ಷವೊಂದರಲ್ಲಿ ನೂರಕ್ಕೆ ಸುಮಾರು 25 ಮಂದಿಗೆ ಮೈಗ್ರೇನ್ ಬಂದಿತ್ತು. ಈ ತೊಂದರೆ ಮನೆತನದಲ್ಲಿ ಹರಿದುಬರುವಂಥದ್ದು, ಆದ್ದರಿಂದ ನಿಮ್ಮ ತಾಯಿ ಹಣೆಗೆ ಬಟ್ಟೆ ಬಿಗಿದು ಮಲಗುತ್ತಿದ್ದರು ಎಂಬ ನೆನಪೂ ಡಾಕ್ಟರಿಗೆ ಬೇಕಾದ ಮಾಹಿತಿಯೇ.

ಈಗ ನಿಮ್ಮ ಮನೆಯ ದಿನಚರಿಗೆ ಬರುತ್ತೇನೆ. ನನಗೆ ಹೆಚ್ಚು ಹೇಳಬೇಕೆನಿಸಿದ್ದು ಇಲ್ಲೇ. ನಿಮ್ಮ ಯಜಮಾನರು ಮುಂಬಯಿಯ ಹಾರ್ಬರ್ ಲೈನಿನ ರೈಲಿನಲ್ಲಿ ಬಂದು ಮಾನಸರೋವರ ಸ್ಟೇಷನ್ನಿನಲ್ಲಿ ಇಳಿಯುವಾಗ ರಾತ್ರಿ ಹತ್ತು ಹೊಡೆದಿರುತ್ತದೆ. ಅಪ್ಪನ ಮುಖ ನೋಡದೆ ಹುಡುಗ ಮಲಗುವುದಿಲ್ಲ. ಊಟ, ಮಾತು ಮುಗಿಯುವಾಗ ಹನ್ನೊಂದೂವರೆ. ಬೆಳಿಗ್ಗೆ ಏಳಕ್ಕೆ ಶಾಲೆ ಎಂದರೆ ಆರಕ್ಕೆ ಮುಂಚೆ ಎಬ್ಬಿಸಬೇಕು. ಭಾನುವಾರ ಹತ್ತರವರೆಗೆ ನಿದ್ದೆ. ನವಿಮುಂಬಯಿಯ ಎಷ್ಟೋ ಮನೆಗಳ ಕತೆ ಇದು, ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಮೈಗ್ರೇನ್ ಇರುವ ಮಗುವಿನ ಮಿದುಳು ಏರುಪೇರನ್ನು ತಾಳಿಕೊಳ್ಳುವುದಿಲ್ಲ. ನಿದ್ದೆ ಕಡಿಮೆಯಾದರೂ ಕಷ್ಟ, ಒಂದೇ ದಿನ ಅತಿಯಾದರೂ ಕಷ್ಟ. ಈ ವಯಸ್ಸಿಗೆ ಒಂಬತ್ತು ಗಂಟೆಯ ನಿದ್ದೆಯಾದರೂ ಬೇಕು. ಅಪ್ಪ-ಮಗನ ಮಾತನ್ನು ಬೆಳಿಗ್ಗೆ ಹಾಲು ಕುಡಿಯುವ ಹೊತ್ತಿಗೆ, ಶಾಲೆಯ ದಾರಿಗೆ ವರ್ಗಾಯಿಸಲು ಸಾಧ್ಯವೇ ನೋಡಿ. ಯಜಮಾನರಿಗೆ ಇದು ಸಂಕಟದ ಮಾತು ಎಂದು ನನಗೆ ಗೊತ್ತು. ಆದರೂ ಎಲ್ಲ ಔಷಧಿಗಿಂತ ಮೊದಲು ನಾನು ಕೇಳುವುದು ಇದನ್ನೇ.

ಎರಡನೆಯದು ತುಂಬಿಕೊಂಡೇ ವಾಪಸು ಬರುವ ನೀರಿನ ಬಾಟಲಿ. ಶಾಲೆಯ ಶೌಚಾಲಯಕ್ಕೆ ಹೋಗಲು ಹೇಸಿ ನೀರು ಕುಡಿಯದ ಮಕ್ಕಳು ಬಹಳ. ಗದರಿಸದೆ ಕೇಳಿದರೆ ಹೇಳುತ್ತಾನೆ, ಆಮೇಲೆ ನೀವು ಟೀಚರ ಹತ್ತಿರ ಮಾತಾಡಬಹುದು. ಟಿಫಿನ್ನು ಹಾಗೇ ಬರುವ ದಿನ, ಬೆಳಿಗ್ಗೆ ತಿಂಡಿ ಬಿಟ್ಟು ಓಡಿದ ದಿನ ನೋವು ಬಂದಿತ್ತೇ ಎಂದು ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಗುರುತು ಅವನೇ ಹಾಕಲಿ. ಆದರೆ ದಿನವೂ “ತಲೆ ನೋಯ್ತಿದೆಯಾ ಮಗಾ?” ಎಂದು ಕೇಳಬೇಡಿ, ಕೇಳಿದಷ್ಟೂ ಮಗುವಿನ ಗಮನ ನೋವಿನ ಕಡೆಗೇ ತಿರುಗುತ್ತದೆ.

ತಲೆಸ್ನಾನದಿಂದ ನೋವು ಬರುತ್ತದೆಯೇ ಎಂದು ಕೇಳಿದ್ದೀರಿ. ಅದು ಮೂಢನಂಬಿಕೆ ಅಲ್ಲ. ಮುಂಬಯಿಯ ತಲೆನೋವು ತಜ್ಞ ಡಾ. ಕೆ. ರವಿಶಂಕರ್, ತಲೆಗೆ ಸ್ನಾನ ಮಾಡಿದ ಮೇಲೆ ಮೈಗ್ರೇನ್ ಬರುತ್ತಿದ್ದ 94 ಮಂದಿ ಭಾರತೀಯರನ್ನು ಗಮನಿಸಿ 2006ರಲ್ಲಿ ಬರೆದಿದ್ದಾರೆ. ನಿಮ್ಮ ಹುಡುಗನಿಗೂ ಹಾಗಾಗುತ್ತದೆಯೋ ಇಲ್ಲವೋ ಕ್ಯಾಲೆಂಡರೇ ಹೇಳಲಿ. ಆಗುತ್ತದೆ ಎಂದಾದರೆ ಶಾಲೆ ಇಲ್ಲದ ದಿನ ಸ್ನಾನ ಮಾಡಿಸಿ, ಕೂದಲು ಬೇಗ ಒಣಗಿಸಿದರಾಯಿತು. ದೃಷ್ಟಿ ತೆಗೆಯುವುದನ್ನು ಅತ್ತೆಯವರು ಬಿಡಲಿ ಎಂದು ನಾನು ಹೇಳುವುದಿಲ್ಲ, ಮೆಣಸಿನ ಹೊಗೆ ಮಾತ್ರ ಅವನ ಕೋಣೆಗೆ ಬಾರದಿರಲಿ. ನನಗೂ ಚಿಕ್ಕಂದಿನಿಂದ ಈ ನೋವಿದೆ. ಆ ಹೊತ್ತಿಗೆ ಈರುಳ್ಳಿ ಹುರಿಯುವ ವಾಸನೆಯೂ ಹೊಟ್ಟೆ ತೊಳಸುತ್ತದೆ. ಅಮೃತಾಂಜನವೂ ಅಷ್ಟೇ. ಕಾಶೀನಾಥುನಿ ನಾಗೇಶ್ವರರಾಯರು 1893ರಲ್ಲಿ ನಿಮ್ಮ ಮುಂಬಯಿಯಲ್ಲೇ ಶುರುಮಾಡಿದ ಮುಲಾಮು ಅದು, ನಮ್ಮೆಲ್ಲರ ಮನೆಯದು. ಅದರ ಘಾಟು ಕೆಲವು ಮಕ್ಕಳಿಗೆ ಹಿತ, ಕೆಲವರಿಗೆ ಹಿಂಸೆ. ಅವನು ಬೇಡ ಎಂದರೆ ಬೇಡ.

ಮಾತ್ರೆ ಕೊಡಲು ಹೆದರುತ್ತೀರಿ. “ಸ್ವಲ್ಪ ಹೊತ್ತು ನೋಡೋಣ” ಎಂದು ಕಾಯುತ್ತೀರಿ. ಕಾಯುವುದರಿಂದ ಲಾಭವಿಲ್ಲ. ನೋವು ಏರಿದ ಮೇಲೆ ಹೊಟ್ಟೆಯ ಚಲನೆಯೇ ನಿಧಾನವಾಗಿ ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲ, ಮೇಲಿಂದ ವಾಂತಿ. ಐಬುಪ್ರೊಫೆನ್ ಅಥವಾ ಪ್ಯಾರಾಸಿಟಮಾಲನ್ನು ಅವನ ತೂಕಕ್ಕೆ ಎಷ್ಟು ಎಂದು ಮಕ್ಕಳ ಡಾಕ್ಟರಿಂದ ಬರೆಸಿಕೊಳ್ಳಿ, ಶುರುವಾದ ಕೂಡಲೇ ಕೊಡಿ. ಶಾಲೆಯಲ್ಲೂ ಕೊಡಿಸಲು ಅವರ ಚೀಟಿ ಬೇಕಾಗುತ್ತದೆ. ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಮತ್ತೆ ಡಾಕ್ಟರನ್ನು ಕಾಣಿ. ಅತಿಯಾದ ಮಾತ್ರೆಯೇ ತಲೆನೋವು ತರುತ್ತದೆ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ಮಳೆಗಾಲದಲ್ಲಿ ತಲೆನೋವಿನ ಜೊತೆ ಜ್ವರವೂ ಇದ್ದರೆ ಡೆಂಗಿ ಅಲ್ಲ ಎಂದು ಖಚಿತವಾಗುವವರೆಗೆ ಐಬುಪ್ರೊಫೆನ್ ಕೂಡ ಬೇಡ.

ದಿನವೂ ಕೊಡುವ ತಡೆಮಾತ್ರೆ ಬೇಕೇ? ಅಮೆರಿಕದಲ್ಲಿ 8ರಿಂದ 17 ವರ್ಷದ ಮಕ್ಕಳ ಮೇಲೆ ನಡೆದ ದೊಡ್ಡ ಪರೀಕ್ಷೆಯೊಂದರ ಫಲ 2017ರಲ್ಲಿ ಅಚ್ಚಾಯಿತು. ಎರಡು ಹೆಸರಾಂತ ಔಷಧಿಗಳು ಔಷಧಿಯಂಶವಿಲ್ಲದ ಬರೀ ತೋರಿಕೆಯ ಮಾತ್ರೆಗಿಂತ ಮೇಲಾಗಲಿಲ್ಲ. ತೋರಿಕೆಯ ಮಾತ್ರೆ ನುಂಗಿದವರಲ್ಲೇ ನೂರಕ್ಕೆ 61 ಮಕ್ಕಳಿಗೆ ನೋವಿನ ದಿನಗಳು ಅರ್ಧದಷ್ಟು ಇಳಿದಿದ್ದವು. ಇದನ್ನು ಓದಿ “ಹಾಗಾದರೆ ನೋವೇ ಸುಳ್ಳು” ಎನ್ನುವವರಿದ್ದಾರೆ, ನನಗೆ ಸಿಟ್ಟು ಬರುತ್ತದೆ. ನಾನು ಅದನ್ನು ಓದುವುದು ಬೇರೆ ರೀತಿ: ತಾಳ್ಮೆಯಿಂದ ಕೇಳಿಸಿಕೊಳ್ಳುವ ಡಾಕ್ಟರು, ಗುರುತು ಹಾಕುವ ಅಭ್ಯಾಸ, ಗುಣವಾಗುತ್ತದೆಂಬ ಭರವಸೆ ಮಗುವಿನ ಮೈಮೇಲೆ ನಿಜವಾಗಿ ಕೆಲಸ ಮಾಡುತ್ತವೆ. ಮೈ ಸಡಿಲಿಸುವುದು, ನಿಧಾನ ಉಸಿರಾಡುವುದು, ನೋವಿನ ಭಯವನ್ನು ನಿಭಾಯಿಸುವುದು, ಇವನ್ನು ಕಲಿಸುವ ಮನಶ್ಶಾಸ್ತ್ರಜ್ಞರೂ ನೆರವಾಗುತ್ತಾರೆ.

ಆದರೆ ಕೆಲವಕ್ಕೆ ಕಾಯಬಾರದು. ಹಠಾತ್ತನೆ ಸಿಡಿಲಿನಂತೆ ಬಂದ ನೋವು, ಕತ್ತು ಬಗ್ಗದ ಜ್ವರ, ಫಿಟ್ಸು, ನಡೆಯುವಾಗ ವಾಲುವುದು, ಎರಡೆರಡಾಗಿ ಕಾಣುವುದು, ಒಂದು ಕೈಕಾಲಿಗೆ ಬಲ ಇಲ್ಲದಿರುವುದು, ಬಿದ್ದು ತಲೆಗೆ ಪೆಟ್ಟಾದ ಮೇಲಿನ ನೋವು: ಇವಿದ್ದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಎಂ.ಜಿ.ಎಂ. ಆಸ್ಪತ್ರೆ ನಿಮ್ಮ ಕಾಮೋಠೆಯಲ್ಲೇ ಇದೆ. ನಿದ್ದೆಯಿಂದ ಎಬ್ಬಿಸುವ ನೋವು, ದಿನೇದಿನೇ ಹೆಚ್ಚುವ ಬೆಳಗಿನ ವಾಂತಿ ಕಂಡರೂ ಬೇಗ ತೋರಿಸಿ.

“ನನ್ನ ತಲೆಯೊಳಗೆ ಏನಾದರೂ ಇದೆಯಾ?” ಎಂದು ಅವನು ಕೇಳಿದಾಗ ನಿಮಗೆ ಮಾತು ಹೊರಡಲಿಲ್ಲ ಅಲ್ಲವಾ? ಡಾಕ್ಟರು ಪರೀಕ್ಷಿಸಿ ಮೈಗ್ರೇನ್ ಎಂದಿದ್ದಾರಲ್ಲ, ಹಾಗೇ ಹೇಳಿ: ಕೆಟ್ಟದ್ದೇನೂ ಇಲ್ಲ, ನಿನ್ನ ಮಿದುಳು ಬೆಳಕು, ಸದ್ದು, ಹಸಿವನ್ನು ಬೇರೆಯವರಿಗಿಂತ ಬೇಗ ಗುರುತಿಸುತ್ತದೆ, ಅಜ್ಜಿಗೂ ಇದು ಇತ್ತು. ದೊಡ್ಡವನಾದ ಮೇಲೆ ಪೂರ್ತಿ ಹೋಗುತ್ತದೆ ಎಂದು ಮಾತ್ರ ಆಣೆ ಇಡಬೇಡಿ. ಸ್ವೀಡನ್ನಿನ ಬೋ ಬಿಲ್ಲೆ ಎಂಬ ವೈದ್ಯರು ಮೈಗ್ರೇನ್ ಇದ್ದ 73 ಮಕ್ಕಳನ್ನು 40 ವರ್ಷ ಬಿಡದೆ ಗಮನಿಸಿದರು. ಕೆಲವರಿಗೆ ಇಪ್ಪತ್ತೈದು ತುಂಬುವುದರೊಳಗೆ ನಿಂತಿತು, ಅರ್ಧಕ್ಕಿಂತ ಹೆಚ್ಚಿನವರಿಗೆ ಐವತ್ತರಲ್ಲೂ ಆಗಾಗ ಬರುತ್ತಿತ್ತು. ಅವನು ತನ್ನ ನೋವನ್ನು ತಾನೇ ಗುರುತಿಸಿ, ಟೀಚರಿಗೆ ಹೇಳಿ, ಮಾತ್ರೆ ಕೇಳಿ ಪಡೆಯುವಷ್ಟು ಧೈರ್ಯ ಈಗಲೇ ಬರಲಿ.

ಮೇ ರಜೆಗೆ ಪನವೇಲಿನಿಂದ ಮತ್ಸ್ಯಗಂಧ ರೈಲು ಹತ್ತಿ ಉಡುಪಿಗೆ ಹೊರಡುವವರು ನೀವು. ರಾತ್ರಿ ಊಟ ಮನೆಯ ಹೊತ್ತಿಗೇ ಆಗಲಿ, ಬೇಗ ಬರ್ತ್ ಬಿಡಿಸಿ ಮಲಗಿಸಿ, ಮಾತ್ರೆಯ ಡಬ್ಬಿ ಸೂಟ್‌ಕೇಸಿನಲ್ಲಿ ಬೇಡ, ಕೈಚೀಲದಲ್ಲಿರಲಿ. ಊರಿನಲ್ಲಿ ಮದುವೆಮನೆಯ ಮೈಕಿನ ಸದ್ದಿಗೆ ಅವನು ಕೋಣೆ ಸೇರಿಕೊಂಡರೆ “ಬಾ, ನೆಂಟರು ಬಂದಿದ್ದಾರೆ” ಎಂದು ಯಾರೂ ಎಳೆಯದ ಹಾಗೆ ನಿಮ್ಮ ಅಮ್ಮನನ್ನೇ ಬಾಗಿಲಲ್ಲಿ ಕೂರಿಸಿ. ಆ ನೋವು ಏನೆಂದು ಅವರಿಗೆ ಗೊತ್ತು. ಶಾಲೆಯವರು ಏನೆಂದರು, ಅವನ ಕ್ಯಾಲೆಂಡರಿನಲ್ಲಿ ಏನು ಕಂಡಿತು, ಬರೆಯಿರಿ.

ಇಂತಿ,
ನಿಮ್ಮ ಗೆಳತಿ