ಕಲ್ಲು ಹೇಳುವ ಅಪ್ಪನ ಹೆಸರು

ವಾರ್ಸಾ ನಗರದ ಒಕೊಪೊವಾ ರಸ್ತೆಯಲ್ಲಿರುವ ಯಹೂದಿ ಸ್ಮಶಾನದ ಗೇಟು ದಾಟಿದರೆ ಎದುರಾಗುವುದು ಕಾಡು. ಮರಗಳು ಗೋರಿಗಳ ಸಂದಿಯಲ್ಲೇ ಬೇರುಬಿಟ್ಟು ಬೆಳೆದಿವೆ. ಕಲ್ಲುಗಳು ಒಂದರ ಮೇಲೊಂದು ವಾಲಿಕೊಂಡು ನಿಂತಿವೆ. 1806ರಲ್ಲಿ ಶುರುವಾದ ಈ ಸ್ಮಶಾನದ ವಿಸ್ತಾರ 33 ಹೆಕ್ಟೇರ್, ಅಂದರೆ 80 ಎಕರೆಗೂ ಮಿಗಿಲು. ಗೋರಿಗಳು ಎರಡು ಲಕ್ಷಕ್ಕೂ ಹೆಚ್ಚು. ಎಸ್ಪೆರಾಂಟೊ ಭಾಷೆಯನ್ನು ರೂಪಿಸಿದ ಜಾಮೆನ್‌ಹೋಫ್, ಯಿಡ್ಡಿಷ್ ಕತೆಗಾರ ಪೆರೆಟ್ಸ್ ಇಬ್ಬರೂ ಮಲಗಿರುವುದು ಇಲ್ಲೇ. ಆದರೆ ದೂರದ ದೇಶಗಳಿಂದ ಹುಡುಕಿಕೊಂಡು ಬರುವವರಲ್ಲಿ ಹಲವರಿಗೆ ಬೇಕಾದದ್ದು ಯಾರಿಗೂ ಗೊತ್ತಿಲ್ಲದ ಒಬ್ಬ ಮುತ್ತಜ್ಜಿ, ಒಬ್ಬ ಮುತ್ತಜ್ಜ.

ಅಂಥ ಒಬ್ಬ ಹೆಂಗಸು ಪಾಚಿ ಹಿಡಿದ ಕಲ್ಲೊಂದರ ಮುಂದೆ ಮಂಡಿಯೂರಿ, ಪಕ್ಕದಿಂದ ಓರೆಯಾಗಿ ಟಾರ್ಚ್ ಬೆಳಕು ಬಿಡುತ್ತಿದ್ದರು. ನೇರ ಬೆಳಕಿಗೆ ಕಾಣದ ಅಕ್ಷರಗಳು ಓರೆ ಬೆಳಕಿಗೆ ನೆರಳು ಮೂಡಿ ಎದ್ದು ಬಂದವು! ಓದುವುದು ಹೇಗೆಂದು ನನಗೂ ತೋರಿಸಿಕೊಟ್ಟರು. ಆಶೀರ್ವದಿಸುವ ಎರಡು ಕೈ ಕೆತ್ತಿದ್ದರೆ ಅದು ಪುರೋಹಿತ ವಂಶದ ಕೊಹೆನ್. ಹೂಜಿ ಇದ್ದರೆ ಲೇವಿ ಕುಲದವರು. ಮುರಿದ ಮರವಿದ್ದರೆ ಎಳೆಯ ವಯಸ್ಸಿನ ಸಾವು. ನಮ್ಮ ಕಟಪಯಾದಿಯ ಹಾಗೆ ಇಲ್ಲೂ ಇಸವಿಯನ್ನು ಹೀಬ್ರೂ ಅಕ್ಷರಗಳಲ್ಲೇ ಬರೆಯುತ್ತಾರೆ. ತಾವ್ 400, ರೇಶ್ 200, ಸಾಮೆಖ್ 60, ಕೂಡಿದರೆ 660. ಯಹೂದಿ ವರ್ಷವನ್ನು ನಮ್ಮ ಇಸವಿಗೆ ತರಲು ಅದಕ್ಕೆ 1240 ಸೇರಿಸಿ. 1900ರ ಆಸುಪಾಸು ಸಿಕ್ಕಿತು.

ಎಲ್ಲಕ್ಕಿಂತ ದೊಡ್ಡ ಸಂಗತಿ ಹೆಸರಿನ ಸಾಲಿನಲ್ಲಿದೆ. ಸತ್ತವರ ಹೆಸರಿನ ಜೊತೆ ಅವರ ಅಪ್ಪನ ಹೆಸರನ್ನೂ ಕೆತ್ತುವುದು ವಾಡಿಕೆ, ಮಗಳಾದರೂ ಅಷ್ಟೇ. ಹಾಗಾಗಿ ಒಂದು ಕಲ್ಲು ಸಿಕ್ಕರೆ ಎರಡು ತಲೆಮಾರು ಸಿಕ್ಕಂತೆ. ಸ್ಮಶಾನದ ಕಡತಗಳು ಎರಡನೇ ಮಹಾಯುದ್ಧದಲ್ಲಿ ಸುಟ್ಟುಹೋದವು. ಈಗ ಕಲ್ಲೇ ಕಡತ. ಒಂದೊಂದನ್ನೂ ಓದಿ, ಫೋಟೊ ತೆಗೆದು ಪಟ್ಟಿ ಮಾಡುವ ಕೆಲಸವನ್ನು ಇಲ್ಲಿನವರು ಮೈಮೇಲೆ ಹಾಕಿಕೊಂಡಿದ್ದಾರೆ. ಆ ತಾಳ್ಮೆಗೆ ನಾನು ಮನಸಾರೆ ತಲೆಬಾಗಿದೆ.

ಅಲ್ಲಿಂದ ತ್ವೊಮಾಟ್ಸ್ಕಿಯೆ ಬೀದಿಯ ಯಹೂದಿ ಇತಿಹಾಸ ಸಂಸ್ಥೆಗೆ ಹೋದೆ. ಪಕ್ಕದಲ್ಲಿದ್ದ ಮಹಾ ಸಿನಗಾಗ್ ಅನ್ನು ನಾಜಿಗಳು 1943ರ ಮೇ 16ರಂದು ಸ್ಫೋಟಿಸಿದರು. ಸಂಸ್ಥೆಯ ಕಟ್ಟಡವೂ ಬೆಂಕಿಗೆ ಸಿಕ್ಕಿತು. ಸುಟ್ಟ ಗುರುತು ಹಜಾರದ ನೆಲದಲ್ಲಿ ಇವತ್ತಿಗೂ ಇದೆ, ಅದರ ಮೇಲೇ ಕಾಲಿಟ್ಟು ಒಳಗೆ ಹೋಗಬೇಕು. ಒಳಗೆ ಒಂದು ಹಾಲಿನ ಕ್ಯಾನ್. ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೊದಲ್ಲಿ ಸಿಕ್ಕಿಬಿದ್ದ ಚರಿತ್ರೆಕಾರ ಎಮಾನುಯೆಲ್ ರಿಂಗೆಲ್‌ಬ್ಲುಮ್ ಮತ್ತು ಸಂಗಡಿಗರು ದಿನಚರಿ, ಪತ್ರ, ಪಡಿತರ ಚೀಟಿ, ಮಕ್ಕಳ ಶಾಲಾ ಪ್ರಬಂಧ ಎಲ್ಲವನ್ನೂ ಗುಟ್ಟಾಗಿ ಕೂಡಿಟ್ಟು, ತಗಡಿನ ಪೆಟ್ಟಿಗೆಗಳಲ್ಲೂ ಇಂಥ ಕ್ಯಾನುಗಳಲ್ಲೂ ತುಂಬಿ ಹೂತಿಟ್ಟರು. ಹೂತವರಲ್ಲೊಬ್ಬ ದಾವಿದ್ ಗ್ರಾಬರ್‌ಗೆ ಆಗ 19 ವರ್ಷ. 1946ರಲ್ಲಿ ಹತ್ತು ಪೆಟ್ಟಿಗೆಗಳು, 1950ರಲ್ಲಿ ಎರಡು ಕ್ಯಾನುಗಳು ಮಣ್ಣಿನಿಂದ ಮೇಲೆ ಬಂದವು. ಸುಮಾರು 35,000 ಹಾಳೆಗಳು!

ಇದೇ ಸಂಸ್ಥೆಯಲ್ಲಿ ವಂಶಾವಳಿ ಹುಡುಕುವವರಿಗೆಂದೇ ಒಂದು ಕೇಂದ್ರವಿದೆ. ಯಾವ ಊರು, ಅದು ಆಗ ಯಾರ ಆಳ್ವಿಕೆಯಲ್ಲಿತ್ತು ಎನ್ನುವುದರಿಂದಲೇ ಹುಡುಕಾಟ ಶುರು. ಪೋಲೆಂಡಿನ ಈ ಭಾಗದಲ್ಲಿ 1826ರಿಂದ ಯಹೂದಿಗಳಿಗೆ ಜನನ, ಮದುವೆ, ಮರಣದ ಪ್ರತ್ಯೇಕ ದಫ್ತರಗಳಿದ್ದವು. ಅಪ್ಪ ಇಂಥ ಕಸುಬಿನವನು, ಇಷ್ಟು ವಯಸ್ಸು, ಇಬ್ಬರು ಸಾಕ್ಷಿಗಳೊಂದಿಗೆ ಬಂದು ಮಗುವನ್ನು ತೋರಿಸಿದ ಎಂದು ಪುಟ್ಟ ಕತೆಯ ಹಾಗೇ ಬರೆದಿರುತ್ತಾರೆ. 1868ರಿಂದ ಭಾಷೆ ರಷ್ಯನ್. ಮುತ್ತಜ್ಜನನ್ನು ಕಾಣಬೇಕೆಂದರೆ ಆ ಲಿಪಿಯನ್ನೂ ಒಂದಿಷ್ಟು ಕಲಿಯಲೇಬೇಕು. 1995ರಿಂದ ಜೆಆರ್‌ಐ-ಪೋಲೆಂಡ್ ಎಂಬ ಯೋಜನೆಯ ಸ್ವಯಂಸೇವಕರು ಇವುಗಳಿಗೆ ಸೂಚಿ ಮಾಡುತ್ತಾ ಬಂದಿದ್ದಾರೆ. ನನ್ನ ಪ್ರವಾಸಗಳಲ್ಲಿ ಇಷ್ಟು ಕಲಿಸಿದ ಊರು ಮತ್ತೊಂದಿಲ್ಲ.

ವಾರ್ಸಾಕ್ಕೆ ಹೋಗುವವರು ಈ ಎರಡು ಜಾಗಗಳಿಗೆ ಶನಿವಾರ ಬಿಟ್ಟು ಬೇರೆ ದಿನ ಇಟ್ಟುಕೊಳ್ಳಿ. ಅದು ಸಬ್ಬತ್, ಯಹೂದಿಗಳ ವಿಶ್ರಾಂತಿಯ ದಿನ, ಬಾಗಿಲು ತೆರೆಯುವುದಿಲ್ಲ. ಗಂಡಸರು ಸ್ಮಶಾನದಲ್ಲಿ ತಲೆ ಮುಚ್ಚಿಕೊಳ್ಳಬೇಕು. ಹೂವು ಒಯ್ಯುವುದು ಬೇಡ, ಗೋರಿಯ ಮೇಲೆ ಒಂದು ಸಣ್ಣ ಕಲ್ಲು ಇಟ್ಟು ಬನ್ನಿ.