ಕಾರಂಜಾ ದಂಡೆಯಲ್ಲಿ ಒಂದು ಚಳಿಯಿರುಳು

ಬೀದರ ಜಿಲ್ಲೆಯ ಮಕ್ಕಳಿಗೆ ಕಡಲೆಂಬುದು ಬಹುಮಟ್ಟಿಗೆ ಪಠ್ಯಪುಸ್ತಕದ ಚಿತ್ರ. ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಸಮುದ್ರವನ್ನು ಮುಟ್ಟಲು ಸುಮಾರು ನಾನೂರು ಕಿಲೋಮೀಟರುಗಳನ್ನು ಕ್ರಮಿಸಬೇಕು. ಆದುದರಿಂದ ಕೊಡಂಬಲದ ಹಿರಿಯರೊಬ್ಬರು, ಎಳ್ಳಮಾವಾಸ್ಯೆಗೆಂದು ಬೆಂಗಳೂರಿನಿಂದ ಬಂದಿದ್ದ ಮೊಮ್ಮಕ್ಕಳಿಗೆ "ನಮ್ಮ ಸೀಮೆಯಲ್ಲಿಯೂ ಒಂದು ಕಡಲಿದೆ, ನಾಳೆ ತೋರಿಸುತ್ತೇನೆ" ಎಂದಾಗ ಅವರು ನಂಬಲಿಲ್ಲ. ಹುಡುಗಿಗೆ ಏಳು ವರ್ಷ, ಹುಡುಗನಿಗೆ ನಾಲ್ಕು. ರಜೆಯಲ್ಲಿ ಕಾರವಾರಕ್ಕೆ ಕರೆದೊಯ್ಯುವೆನೆಂದು ತಂದೆ ಕೊಟ್ಟಿದ್ದ ಮಾತು ಆ ವರ್ಷ ನಡೆದಿರಲಿಲ್ಲ. ಅದಕ್ಕೆಂದೇ ಕೊಂಡ ಡೇರೆಯೊಂದು ಮಾತ್ರ ಮಡಿಕೆ ಬಿಚ್ಚದೆ ಅವರೊಡನೆ ಬಂದಿತ್ತು.

ಕೊಡಂಬಲವು ಹಿಂದೆ ಹುಮನಾಬಾದ ತಾಲ್ಲೂಕಿಗೆ ಸೇರಿದ್ದು, ಈಗ ಚಿಟಗುಪ್ಪ ತಾಲ್ಲೂಕಿನಲ್ಲಿರುವ ಗ್ರಾಮ. ಈ ಭಾಗದಲ್ಲಿ ಎಳ್ಳಮಾವಾಸ್ಯೆಯೆಂದರೆ ಮನೆಗೆ ಬೀಗ ಹಾಕಿ ಹೊಲಕ್ಕೆ ನಡೆಯುವ ಹಬ್ಬ. ಜೋಳದ ದಂಟಿನಿಂದ ಪುಟ್ಟ ಕೊಂಪೆಯನ್ನು ಕಟ್ಟಿ, ಅದರೊಳಗೆ ಐದು ಕಲ್ಲುಗಳನ್ನಿರಿಸಿ ಪಾಂಡವರೆಂದು ಪೂಜಿಸುತ್ತಾರೆ. ಪೈರಿಗೆ ಚರಗ ಚೆಲ್ಲುತ್ತಾರೆ. ಬಳಿಕ ಸಜ್ಜೆಯ ರೊಟ್ಟಿ, ಹಲವು ಕಾಳು ಸೊಪ್ಪುಗಳು ಬೆರೆತ ಭಜ್ಜಿ, ಮಡಕೆಯಲ್ಲಿ ತಣಿದ ಅಂಬಲಿ. ಬಂದವರನ್ನೆಲ್ಲ ಕರೆದು ಉಣಬಡಿಸುವುದು ಪದ್ಧತಿ. ಕೊಂಪೆಯೊಳಗೆ ತಲೆ ತೂರಿಸಿ ಆಡಿದ ಮಕ್ಕಳು ಸಂಜೆಯಾಗುತ್ತಲೇ ತಮ್ಮ ಡೇರೆಯ ನೆನಪು ತೆಗೆದರು.

ಹುಮನಾಬಾದಿನಿಂದ ಬೀದರಿನತ್ತ ಸಾಗುವ ದಾರಿಯಲ್ಲಿ ಹಳ್ಳಿಖೇಡವನ್ನು ದಾಟಿದ ಮೇಲೆ ಕಾರಂಜಾ ಜಲಾಶಯದ ಹಿನ್ನೀರಿನ ಸೀಮೆ. ಕಾರಂಜಾ ನದಿಯು ಮಾಂಜ್ರಾ ನದಿಯನ್ನು ಸೇರಿ, ಅದರೊಡನೆ ಗೋದಾವರಿಯ ಪಾಲಾಗುತ್ತದೆ. ಅದಕ್ಕೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಟ್ಟಿದ ಅಣೆಕಟ್ಟು 1989ರಲ್ಲಿ ಪೂರ್ಣಗೊಂಡಿತು. ತುಂಬಿದಾಗ ಅದು ಹಿಡಿಯುವ ನೀರು ಏಳೂವರೆ ಶತಕೋಟಿ ಘನ ಅಡಿಗೂ ಮಿಗಿಲು. ಮಾರನೆಯ ದಿನ ಇಳಿಹೊತ್ತಿನಲ್ಲಿ ಆ ನೀರಿನ ಹರವನ್ನು ಕಂಡ ಹುಡುಗನಿಗೆ ಅದು ಕಡಲಲ್ಲವೆಂದು ಯಾರೂ ಹೇಳಲಿಲ್ಲ. ಗಾಳಿಗೆ ಎದ್ದ ಕಿರುದೆರೆಗಳು ದಂಡೆಗೆ ಬಂದು ಬಡಿಯುತ್ತಿದ್ದವು. ಅವನಿಗೆ ಅಷ್ಟೇ ಸಾಕಾಗಿತ್ತು.

ಹಿರಿಯರಿಗೆ ಪರಿಚಿತರಾದ ರೈತರೊಬ್ಬರ ಹೊಲದಂಚಿನಲ್ಲಿ ಡೇರೆ ಹಾಕಲು ಒಪ್ಪಿಗೆ ದೊರೆಯಿತು. ನೀರು ಹತ್ತಿರ ಕಾಣಲೆಂದು ತಂದೆ ಅತ್ಯಂತ ತಗ್ಗಿನ ಜಾಗವನ್ನು ಆರಿಸಿಕೊಂಡರು. ತುಸು ಮೇಲಿನ ಬಯಲಿನಲ್ಲಿ ಕುರಿಗಾರರ ಕುಟುಂಬವೊಂದು ಮಂದೆಯನ್ನು ತಂಗಿಸಿತ್ತು. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿಗಳನ್ನು ರಾತ್ರಿ ನಿಲ್ಲಿಸುವುದೂ, ಅದಕ್ಕೆ ಪ್ರತಿಯಾಗಿ ರೈತನು ಕಾಳನ್ನೋ ಹಣವನ್ನೋ ಕೊಡುವುದೂ ಈ ನಾಡಿನ ಹಳೆಯ ಒಡಂಬಡಿಕೆ. ಆ ಕುಟುಂಬದಲ್ಲಿಯೂ ಮೂರು ವರ್ಷದ ಮಗುವೊಂದಿದ್ದಿತು. ಅದು ಬರಿಗಾಲಿನಲ್ಲಿ ಕುರಿಮರಿಗಳ ನಡುವೆ ಓಡಾಡುತ್ತಿತ್ತು. ಅದನ್ನು ಕಂಡು ನಗರದ ತಾಯಿಗೆ ಮರುಕವೇ ಉಂಟಾಯಿತು. ತನ್ನ ಮಕ್ಕಳ ಮೈಮೇಲೆ ಸ್ವೆಟರು, ಟೋಪಿ, ಕಾಲುಚೀಲ ಯಾವುದಕ್ಕೂ ಕೊರತೆಯಿರಲಿಲ್ಲ.

ಹೊತ್ತು ಮುಳುಗಿತು. ಅಮಾವಾಸ್ಯೆಯ ಮರುದಿನದ ಕತ್ತಲೆ. ಕೃತ್ತಿಕೆಯ ಗೊಂಚಲು, ಮೃಗಶಿರೆಯ ಬೇಟೆಗಾರ ಕಣ್ಣಿಗೆ ಹೊಡೆಯುವಷ್ಟು ನಿಚ್ಚಳವಾಗಿ ಮೂಡಿದವು. ಆದರೆ ಮೋಡವಿಲ್ಲದ ಇಂಥ ಇರುಳೇ ಬೀದರ ಸೀಮೆಯಲ್ಲಿ ಅತಿ ಕಠಿಣ. ಸಮುದ್ರಮಟ್ಟದಿಂದ ಆರುನೂರು ಮೀಟರಿನಷ್ಟು ಎತ್ತರದ ಈ ಜಂಬಿಟ್ಟಿಗೆಯ ನಾಡು ಹಗಲೆಲ್ಲ ಹೀರಿದ ಬಿಸಿಲನ್ನು ರಾತ್ರಿ ನೇರವಾಗಿ ಆಕಾಶಕ್ಕೆ ಒಪ್ಪಿಸಿಬಿಡುತ್ತದೆ. 1918ರ ಡಿಸೆಂಬರ್ 16ರಂದು ಬೀದರಿನಲ್ಲಿ ಉಷ್ಣತೆಯು 2.8 ಡಿಗ್ರಿಗೆ ಇಳಿದಿದ್ದಿತು; ಕರ್ನಾಟಕದಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣತೆಗಳಲ್ಲಿ ಅದೂ ಒಂದು. ತಣ್ಣನೆಯ ಗಾಳಿಯು ಭಾರವಾದುದರಿಂದ ನೀರಿನಂತೆಯೇ ತಗ್ಗನ್ನು ಹುಡುಕಿಕೊಂಡು ಹರಿಯುತ್ತದೆ. ಅದು ಬಂದು ನಿಂತದ್ದು ಡೇರೆ ಹಾಕಿದ ತಗ್ಗಿನಲ್ಲಿಯೇ.

ಒಂಬತ್ತು ಗಂಟೆಯವರೆಗೆ ಗದ್ದಲವೆಬ್ಬಿಸುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಮೌನವಾದ. ನಿದ್ದೆ ಬಂದಿರಬೇಕೆಂದು ತಂದೆ ಇನ್ನೊಂದು ಶಾಲು ಹೊದಿಸಿದರು. ತಾಯಿ ಕೆನ್ನೆ ಮುಟ್ಟಿ ನೋಡಿದಾಗ ಹಿಮದಂತೆ ತಣ್ಣಗಿದ್ದಿತು, ತುಟಿಯಲ್ಲಿ ನಸುನೀಲಿ. ಕಾಲುಚೀಲ ಒದ್ದೆಯಾಗಿತ್ತು. ಸಂಜೆ ತೆರೆಯನ್ನು ಮುಟ್ಟಲು ಓಡಿದವನು ಬೈಗುಳಕ್ಕೆ ಅಂಜಿ ಯಾರಿಗೂ ಹೇಳಿರಲಿಲ್ಲ. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಎಳೆಯ ಮಕ್ಕಳ ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ಹೆಚ್ಚು. ಆದುದರಿಂದ ಅವರು ದೊಡ್ಡವರಿಗಿಂತ ಬೇಗನೆ ತಣ್ಣಗಾಗುತ್ತಾರೆ. ಆಡುತ್ತಿದ್ದ ಮಗು ಚಳಿಯಲ್ಲಿ ಸುಮ್ಮನಾಯಿತೆಂದರೆ ಅದು ನಿದ್ದೆಯೆಂದು ತಿಳಿದು ಬಿಡುವಂತಿಲ್ಲ.

ಗಾಬರಿಗೊಂಡ ತಂದೆ ಕೆಂಡದ ಬುಟ್ಟಿಯನ್ನು ಡೇರೆಯೊಳಗೆ ತರಲು ಎದ್ದರು. ಅಷ್ಟರಲ್ಲಿ ಅಳುವ ದನಿಯನ್ನು ಕೇಳಿ ಕುರಿಗಾರರ ಮುದುಕಿ ಬಂದಿದ್ದಳು. ಬುಟ್ಟಿಗೆ ಕೈ ಅಡ್ಡಹಿಡಿದು ಅದನ್ನು ಹೊರಗೇ ಇಡಿಸಿದಳು. ಮುಚ್ಚಿದ ಜಾಗದಲ್ಲಿ ಕೆಂಡವಿಟ್ಟು ಮಲಗಿದವರು ಬೆಳಗ್ಗೆ ಏಳದೆ ಹೋದ ಸಂಗತಿಗಳನ್ನು ಅವಳು ಬಲ್ಲಳು. ಬಣ್ಣ ವಾಸನೆಗಳಿಲ್ಲದ ಆ ವಿಷಾನಿಲದ ಹೆಸರು ಅವಳಿಗೆ ಬೇಕಾಗಿರಲಿಲ್ಲ. ಹುಡುಗನ ಒದ್ದೆ ಬಟ್ಟೆಗಳನ್ನೆಲ್ಲ ಕಳಚಿಸಿ, ಒಣ ಅಂಗಿ ತೊಡಿಸಿ, ಅವನನ್ನು ತಾಯಿಯ ಎದೆಗೆ ಒತ್ತಿ ಕೂರಿಸಿದಳು. ಬಳಿಕ ಹಾಸಿಗೆಯ ಕೆಳಗೆ ಕೈಯಿಟ್ಟು ನೋಡಿ ತಲೆಯಾಡಿಸಿದಳು.

"ಮ್ಯಾಲ ಎಷ್ಟು ಹೊಚ್ಚಿದ್ರೂ ಏನಾತದ್ರಿ? ತೆಳಗಿನ ನೆಲ ಚಳಿ ಕೊಡ್ಲತ್ತದ."

ನಾಲ್ಕು ಹೊದಿಕೆಗಳ ಕೆಳಗೆ ಇದ್ದುದು ತೆಳ್ಳನೆಯ ಒಂದೇ ಜಮಖಾನೆ. ಮೈಯ ಕಾವನ್ನೆಲ್ಲ ನೆಲವು ಕುಡಿಯುತ್ತಿದ್ದಿತು. ರೈತರ ಬಣವೆಯಿಂದ ಜೋಳದ ಕಣಿಕೆಯ ಹೊರೆಗಳು ಬಂದವು. ಡೇರೆಯನ್ನು ಇಪ್ಪತ್ತು ಮಾರು ಮೇಲಕ್ಕೆ, ಮಂದೆಯ ಮಗ್ಗುಲಿಗೆ ಸಾಗಿಸಿ, ಮೊಳಕಾಲುದ್ದ ಕಣಿಕೆ ಹಾಸಿ, ಅದರ ಮೇಲೆ ಮುದುಕಿಯ ಕರಿಯ ಕಂಬಳಿ ಬಿದ್ದಿತು. ದಖನಿ ಕುರಿಯ ಒರಟು ಉಣ್ಣೆಯ ಆ ಕಂಬಳಿ ಮಂಜಿಗೆ ಸುಲಭವಾಗಿ ನೆನೆಯದು. ಬೆಚ್ಚಗಿನ ಹಾಲು ಹೊಟ್ಟೆಗೆ ಹೋದ ಮೇಲೆ ಹುಡುಗ ಮೊದಲು ನಡುಗಿದ, ಆಮೇಲೆ ಅತ್ತ, ಕೊನೆಗೆ ಕುರಿಮರಿಯೊಂದು ಬೇಕೆಂದು ಹಟ ಹಿಡಿದ. ಆ ಹಟವನ್ನು ಕೇಳಿ ತಾಯಿಯ ಕಣ್ಣಲ್ಲಿ ನೀರಾಡಿತು. ಮುದುಕಿಯ ಮೊಮ್ಮಗು ಪಕ್ಕದಲ್ಲಿ ಅಂಥದೇ ಕಂಬಳಿಯೊಳಗೆ ಎಚ್ಚರವಿಲ್ಲದೆ ನಿದ್ರಿಸುತ್ತಿತ್ತು.

ಬೆಳಗಾದಾಗ ನೀರಿನ ಮೇಲೆ ಹಬೆಯೆದ್ದಿತ್ತು. ರಾತ್ರಿಯೆಲ್ಲ ನೆಲ ತಣಿದರೂ ನೀರು ಅಷ್ಟು ಬೇಗ ತಣಿಯದು. ಆ ಹಬೆಯೊಳಗಿನಿಂದ ಹಕ್ಕಿಗಳ ಕೂಗು ಕೇಳಿಸುತ್ತಿದ್ದಿತು. ಚಳಿಗಾಲದಲ್ಲಿ ಟಿಬೆಟ್ಟು, ಮಂಗೋಲಿಯಗಳ ಕಡೆಯಿಂದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಿಗೆ ಬಂದು ತಂಗುತ್ತವೆಂದು ತಂದೆ ವಿವರಿಸುತ್ತಿದ್ದಾಗ, ಹೊಲದ ರೈತರು ಬಂದು ಪಕ್ಕದಲ್ಲಿ ಕುಳಿತರು. ಅವರು ತೋರಿಸಿದ್ದು ಹಕ್ಕಿಗಳನ್ನಲ್ಲ, ಅವುಗಳಿಗಿಂತ ತುಸು ಆಚೆಯ ನೀರನ್ನು. ಅವರ ತಂದೆಯ ಹೊಲವಿದ್ದುದು ಅಲ್ಲಿ. ಬೇಸಿಗೆಯಲ್ಲಿ ನೀರು ಇಳಿದ ವರ್ಷ ಬಾವಿಯ ಕಟ್ಟೆ ತಲೆಯೆತ್ತುತ್ತದೆಂದರು. ಎಳ್ಳಮಾವಾಸ್ಯೆಯ ದಿನ ಮನೆಯವರು ಉಳಿದ ಹೊಲದಲ್ಲಿ ಕೊಂಪೆ ಕಟ್ಟಿದ ಮೇಲೆ, ಒಂದು ಹಿಡಿ ಚರಗವನ್ನು ನೀರಿಗೂ ಚೆಲ್ಲುತ್ತಾರಂತೆ. ಕಾರಂಜಾದಲ್ಲಿ ನೆಲ ಕಳೆದುಕೊಂಡವರು ಹಲವು ಹಳ್ಳಿಗಳವರು. ತಕ್ಕ ಪರಿಹಾರಕ್ಕಾಗಿ ಅವರ ಹೋರಾಟ ದಶಕಗಳ ಕಾಲ ನಡೆದಿದೆ. ಅದೇ ನೀರು ಬೇರೆ ಹಳ್ಳಿಗಳ ಹೊಲಗಳನ್ನು ಹಸುರಾಗಿಸಿದೆ, ಊರುಗಳ ಬಾಯಾರಿಕೆಯನ್ನು ತಣಿಸಿದೆ ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಹುಡುಗಿ ಬಹಳ ಹೊತ್ತು ನೀರನ್ನೇ ನೋಡಿ ಕೇಳಿದಳು: "ಹಾಗಾದರೆ ಕೆಳಗಿರುವ ಹೊಲಕ್ಕೆ ಚಳಿಯಾಗುವುದಿಲ್ಲವೇ?"

ರೈತರು ಕೂಡಲೇ ಉತ್ತರಿಸಲಿಲ್ಲ. ಸ್ವಲ್ಪ ತಡೆದು, "ಮ್ಯಾಲ ನೀರ ಅದಲ್ಲವ್ವ, ಬೆಚ್ಚಗಿರ್ತದ" ಎಂದರು.

ಹೊರಡುವಾಗ ತಾಯಿ ಮುದುಕಿಯ ಕೈಗೆ ಹಣವಿಡಲು ಹೋದರು, ಅವಳು ತೆಗೆದುಕೊಳ್ಳಲಿಲ್ಲ. ಹಬ್ಬದ ಬುತ್ತಿಯಲ್ಲಿ ಉಳಿದಿದ್ದ ಸಜ್ಜೆಯ ರೊಟ್ಟಿಗಳನ್ನು ಕೊಟ್ಟಾಗ ಮಾತ್ರ ಸೆರಗೊಡ್ಡಿ ಪಡೆದಳು. ಹುಡುಗನ ಕಾಲುಚೀಲಗಳು ಮಂದೆಯ ಬಲೆಯ ಮೇಲೆ ಇನ್ನೂ ಒಣಗುತ್ತಿದ್ದವು. ಅವು ಅಲ್ಲಿಯೇ ಉಳಿದವು. ದಾರಿಯಲ್ಲಿ ಹುಡುಗ, ಮುಂದಿನ ಎಳ್ಳಮಾವಾಸ್ಯೆಗೂ ಕಡಲಿಗೆ ಬರೋಣವೆಂದ. ಕಣಿಕೆಯನ್ನು ಮೊದಲು ಹಾಸೋಣವೆಂದು ಅಕ್ಕ ಸೇರಿಸಿದಳು.