ಕಾರ್ಡು ಹೋಗಿ ಡಬ್ಬಿ ಬಂತು

2000ರ ಆಸುಪಾಸಿನಲ್ಲಿ ಅಮೆರಿಕದ ಕನ್ನಡಿಗರು ಊರಿಗೆ ಫೋನ್ ಮಾಡುತ್ತಿದ್ದುದು ಹೆಚ್ಚಾಗಿ ಕಾಲಿಂಗ್ ಕಾರ್ಡಿನಲ್ಲಿ. ನ್ಯೂಜೆರ್ಸಿಯ ಎಡಿಸನ್ ಕಡೆಯ ದಿನಸಿ ಅಂಗಡಿಗಳಲ್ಲಿ ಐದು, ಹತ್ತು ಡಾಲರಿನ ಕಾರ್ಡುಗಳು ಗಲ್ಲಾದ ಪಕ್ಕದಲ್ಲೇ ಇರುತ್ತಿದ್ದವು. ಬೆಳ್ಳಿಬಣ್ಣದ ಪಟ್ಟಿಯನ್ನು ನಾಣ್ಯದಿಂದ ಕೆರೆಯಬೇಕು. ಟೋಲ್ ಫ್ರೀ ನಂಬರು, ಪಿನ್, ಕೊನೆಗೆ 011 91 ಸೇರಿಸಿ ಊರಿನ ನಂಬರು ಒತ್ತಬೇಕು. ಎಷ್ಟು ನಿಮಿಷ ಉಳಿದಿದೆ ಎಂದು ಯಂತ್ರದ ದನಿ ಹೇಳುತ್ತಿತ್ತು. ಅದನ್ನು ಪೂರ್ತಿ ನಂಬಿದವರು ಕಡಿಮೆ. ಸಂಪರ್ಕ ಶುಲ್ಕ, ನಿರ್ವಹಣಾ ಶುಲ್ಕ ಎಲ್ಲ ಕಾರ್ಡಿನ ಹಿಂದೆ ಇರುವೆಸಾಲಿನಂಥ ಅಕ್ಷರಗಳಲ್ಲಿ ಅಡಗಿರುತ್ತಿದ್ದವು. ಮಳೆ ಬಂತೇ, ಊಟ ಆಯಿತೇ ಎಂದು ಕೇಳಿ ಮುಗಿಸುವಷ್ಟರಲ್ಲಿ ದುಡ್ಡು ಕರಗುತ್ತಿತ್ತು.

ಮನೆಮನೆಗೆ ಬ್ರಾಡ್‌ಬ್ಯಾಂಡ್ ಬಂದ ಮೇಲೆ ಮಾತನ್ನು ಇಂಟರ್ನೆಟ್ಟಿನಲ್ಲಿ ಸಾಗಿಸುವ, ಅಡಾಪ್ಟರ್ ಎಂಬ ಅಂಗೈಯಗಲದ ಡಬ್ಬಿ ಬಂತು. ಒಂದು ಕಡೆ ರೌಟರಿನ ತಂತಿ, ಇನ್ನೊಂದು ಕಡೆ ಮನೆಯ ಹಳೆಯ ಫೋನು. ಒತ್ತಿ ಕುಗ್ಗಿಸದ ಮಾತಿಗೆ ಸೆಕೆಂಡಿಗೆ 64 ಕಿಲೋಬಿಟ್, ಮೇಲೆ ಪ್ಯಾಕೆಟ್ಟುಗಳ ಹೊದಿಕೆಯ ಭಾರ ಬೇರೆ. ಆಗಿನ ಕನೆಕ್ಷನ್ನುಗಳಲ್ಲಿ ಅಪ್‌ಲೋಡ್ ವೇಗವೇ ಕಡಿಮೆ. ಮಗ ಮಗುವಿನ ಫೋಟೋಗಳನ್ನು ಕಳಿಸಲು ಕೂತಾಗ ಸೊಸೆ ಫೋನಿನಲ್ಲಿದ್ದರೆ, ಮೈಸೂರಿನ ಅತ್ತೆಗೆ ಅವಳ ಮಾತು ತುಂಡುತುಂಡಾಗಿ ಕೇಳುತ್ತಿತ್ತು. ರೌಟರಿನಲ್ಲಿ ಧ್ವನಿಗೆ ಮೊದಲ ದಾರಿ ಬಿಡಿಸಿದರೆ ಸರಿಹೋಗುತ್ತಿತ್ತು.

ಡಬ್ಬಿ ಕೊಳ್ಳುವಾಗ ಜಾಣರು ಮೊದಲು ಕೇಳುತ್ತಿದ್ದುದು ಬೀಗದ ವಿಷಯ. ವೊನೇಜ್‌ನಂಥ ಕಂಪನಿ ಕೊಟ್ಟ ಅಡಾಪ್ಟರ್ ಆ ಕಂಪನಿಗೇ ಕಟ್ಟುಬಿದ್ದಿರುತ್ತಿತ್ತು. ಬೀಗವಿಲ್ಲದ ಲಿಂಕ್‌ಸಿಸ್ ಅಡಾಪ್ಟರಿಗೆ ಯಾವ ಅಗ್ಗದ ಸೇವೆಯನ್ನಾದರೂ ಜೋಡಿಸಬಹುದಿತ್ತು, ಸೆಟ್ಟಿಂಗ್ ಬದಲಿಸುವ ತಾಳ್ಮೆ ಇದ್ದರೆ. 2007ರ ಮ್ಯಾಜಿಕ್‌ಜ್ಯಾಕ್ ಎಂಬ ಅಡಾಪ್ಟರ್ ತೀರಾ ಅಗ್ಗ, ಆದರೆ ಆಗ ಅದಕ್ಕೆ ಕಂಪ್ಯೂಟರ್ ಸದಾ ಚಾಲೂ ಇರಬೇಕಿತ್ತು. ಊರಿಗೆ ಫೋನ್ ಮಾಡುವವರ ಲೆಕ್ಕವನ್ನು ನಿಜಕ್ಕೂ ಬದಲಿಸಿದ್ದು 2009ರಲ್ಲಿ ವೊನೇಜ್ ತಂದ ಯೋಜನೆ: ತಿಂಗಳಿಗೆ 24.99 ಡಾಲರ್, ಭಾರತದ ಕರೆಗಳೂ ಅದರಲ್ಲೇ. ಗಡಿಯಾರ ನೋಡುವುದು ತಪ್ಪಿತು. ಫೋನ್ ಸ್ಪೀಕರಿಗೆ ಹಾಕಿ ಅಮ್ಮನಿಂದ ಸಾರಿನ ಅಳತೆ ಕೇಳುತ್ತಲೇ ಒಗ್ಗರಣೆ ಹಾಕುವ ಕಾಲ ಬಂತು.

ಉಪ್ಪಿನಕಾಯಿ ಹೋಗುವ ಸೂಟ್‌ಕೇಸಿನಲ್ಲೇ ಡಬ್ಬಿಗಳು ಊರಿಗೆ ಬಂದದ್ದೂ ಉಂಟು. ಬೆಂಗಳೂರಿನ ಮನೆಯಲ್ಲಿ ನ್ಯೂಜೆರ್ಸಿಯ ನಂಬರು ರಿಂಗಾಗುತ್ತಿತ್ತು. ಅಮೆರಿಕದಲ್ಲಿದ್ದ ಮಕ್ಕಳಿಗೆ ಅದು ಲೋಕಲ್ ಕಾಲ್. ಕರೆಂಟು ಹೋದರೆ ಮಾತ್ರ ಯುಪಿಎಸ್ ಇಲ್ಲದ ಡಬ್ಬಿಯೂ ಹೋಯಿತು. ಹಳೆಯ ಸ್ಥಿರ ದೂರವಾಣಿಗೆ ಆ ಕಾಟವಿರಲಿಲ್ಲ.

2015ರಲ್ಲಿ ವಾಟ್ಸಾಪ್ ಕರೆ, ಮರುವರ್ಷ ಜಿಯೋದ ಅಗ್ಗದ ಇಂಟರ್ನೆಟ್ ಬಂದ ಮೇಲೆ ಡಬ್ಬಿಯ ಅಗತ್ಯ ಕಡಿಮೆಯಾಯಿತು. ಹಳೆಯ ನಂಬರನ್ನು ಬಿಡಲಾರದವರು, ಸ್ಮಾರ್ಟ್‌ಫೋನ್ ಮುಟ್ಟದ ಹಿರಿಯರ ಲ್ಯಾಂಡ್‌ಲೈನಿಗೆ ಫೋನ್ ಮಾಡಬೇಕಾದವರು ಮಾತ್ರ ಡಬ್ಬಿಯನ್ನು ಉಳಿಸಿಕೊಂಡರು.